ಚೌಕ ದಾಟಿದ ಬಿರುದುಗಳು

ನಮ್ಮ ಮನೆತನದಲ್ಲಿ ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತು ಬಿಟ್ಟು ಬೇರೆ ಏನನ್ನಾದರೂ ಮೂಡಿಸಿದವರಲ್ಲಿ ನಾನೇ ಮೊದಲಿನವಳು. ಅಪ್ಪ ಸಿಂದಗಿಯ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಾನು ಬಿ.ಎ. ಪಾಸಾದ ದಿನ ಅಪ್ಪ ಯಾರ್ಡಿನ ತುಂಬ ಪೇಢೆ ಹಂಚಿ, ಸಿಕ್ಕವರಿಗೆಲ್ಲ "ನಮ್ಮ ಹುಡಿಗಿ ಬಿಯ್ಯೆ ಆದಳ್ರಿ" ಎಂದು ಹೇಳುತ್ತ ತಿರುಗಿದ. ಯಾವ ವಿಷಯದಲ್ಲಿ ಎಂದು ಒಬ್ಬ ದಲಾಲರು ಕೇಳಿದರಂತೆ.

"ಎಲ್ಲಾದ್ರಾಗೂ ರೀ" ಎಂದನಂತೆ ಅಪ್ಪ.

ಎಲ್ಲದರಲ್ಲೂ ಬಿ.ಎ. ಆದವಳಿಗೆ ಯಾವುದರಲ್ಲೂ ನೌಕರಿ ಸಿಗಲಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಕೆಂಪು ಬಸ್ಸಿನಲ್ಲಿ ಅರ್ಜಿ ಹಿಡಿದು ತಿರುಗಿದೆ. ಕೊನೆಗೆ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಕೆಲಸ ಆಯಿತು. ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಾಲೂಕಿಗೆ ಕಂಪ್ಯೂಟರ್ ಬಂದಿತ್ತು, ಆದರೆ ಅದನ್ನು ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು.

ನಮ್ಮ ಮಾಲಕರು ಮೊದಲು ಬೋರ್ಡು ಬರೆಯುವ ಪೇಂಟರ್ ಆಗಿದ್ದವರು. ಕಂಪ್ಯೂಟರನ್ನೂ ಅವರು ಬೋರ್ಡಿನ ಹಾಗೆಯೇ ಕಾಣುತ್ತಿದ್ದರು. ಪುಟ ಜೋಡಿಸುವ ಸಾಫ್ಟ್‌ವೇರ್ ತೆರೆದರೆಂದರೆ ಪ್ರತಿ ಪುಟವನ್ನೂ ಗೋಡೆಗೆ ಸುಣ್ಣ ಬಳಿದ ಹಾಗೆ ಮೊದಲಿನಿಂದ ಶುರು ಮಾಡಬೇಕು. ಅಂಚಿನ ಗೆರೆಯನ್ನು ಪ್ರತಿ ಪುಟಕ್ಕೂ ಹೊಸದಾಗಿ ಎಳೆಯಬೇಕು. ಫೋಟೋಗಳನ್ನು ಇದ್ದಷ್ಟು ದೊಡ್ಡದಾಗಿಯೇ ಫೈಲಿನ ಹೊಟ್ಟೆಗೆ ತುರುಕಬೇಕು. ಒಮ್ಮೆ ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರು ಮಗಳ ಲಗ್ನಪತ್ರಿಕೆಯ ಸುತ್ತ ಲಿಂಬೆಹಣ್ಣಿನ ಸಾಲು ಬೇಕೆಂದರು. ಮಾಲಕರು ಒಂದೊಂದೇ ಹಣ್ಣನ್ನು ಬೇರೆ ಬೇರೆಯಾಗಿ ತಂದು ಅಂಟಿಸುತ್ತ ಕೂತರು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಏರು ಹತ್ತದ ಎತ್ತಿನಂತೆ ಕೂತುಬಿಟ್ಟಿತು. ಮಾಲಕರು ಅದರ ಬೆನ್ನು ಸವರಿ, ಊದಿನಕಡ್ಡಿ ಹಚ್ಚಿ, ಚಹಾಕ್ಕೆ ಹೋದರು. ಆ ಪತ್ರಿಕೆ ಅರ್ಧ ಲಿಂಬೆಹಣ್ಣಿನಲ್ಲೇ ಅಚ್ಚಾಯಿತು. ಇನ್ನರ್ಧ ಎಲ್ಲಿ ಎಂದು ಬೀಗರು ಕೇಳಿದ್ದಕ್ಕೆ ವ್ಯಾಪಾರಿ "ಅವು ಮಾರಿ ಹೋದ್ವು" ಎಂದರಂತೆ.

ಅಂಗಡಿಯಲ್ಲಿ ಆ ಸಾಫ್ಟ್‌ವೇರಿನ ಇಂಗ್ಲಿಷ್ ಪುಸ್ತಕವೊಂದಿತ್ತು. ಅದನ್ನು ಮೇಜಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದರು. ನಾನು ಅದನ್ನು ಎಳೆದು, ಅದರ ಜಾಗಕ್ಕೆ ಇಟ್ಟಿಗೆ ಕೊಟ್ಟು, ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಇಂಗ್ಲಿಷಿನಲ್ಲಿ ಎರಡನೇ ಸಲಕ್ಕೆ ಪಾಸಾದವಳು ನಾನು. ಹಾಗಾಗಿ ಓದಿದ್ದನ್ನೂ ಎರಡೆರಡು ಸಲ ಓದಿದೆ. ಎಲ್ಲ ಪುಟಕ್ಕೂ ಒಂದೇ ಮೂಲಪುಟ ಮಾಡಿಟ್ಟರೆ ಅಂಚು ತಾನಾಗಿ ಬರುತ್ತದೆ ಎಂದು ತಿಳಿಯಿತು. ಫೋಟೋವನ್ನು ಫೈಲಿನ ಒಳಗೆ ತುರುಕಬೇಕಿಲ್ಲ, ಹೊರಗಿಟ್ಟು ಬರೀ ಅದರ ವಿಳಾಸ ಕೊಟ್ಟರೆ ಸಾಕು, ಕಂಪ್ಯೂಟರ್ ಹಗುರಾಗಿ ಓಡುತ್ತದೆ ಎಂದು ತಿಳಿಯಿತು. ಇದನ್ನು ಕಂಡುಕೊಂಡ ಖುಷಿಯಲ್ಲಿ ಬಿಜಾಪುರದ ಪ್ರೆಸ್ಸಿಗೆ ಒಂದು ಫ್ಲಾಪಿಯಲ್ಲಿ ಪುಟಗಳನ್ನು ಒಯ್ದೆ. ಅಲ್ಲಿ ತೆರೆದು ನೋಡಿದರೆ ಫೋಟೋ ಇರಬೇಕಾದಲ್ಲೆಲ್ಲ ಬೂದಿ ಬಣ್ಣದ ಚೌಕಗಳು. ವಿಳಾಸ ಬಂದಿತ್ತು, ಮನುಷ್ಯರು ಸಿಂದಗಿಯಲ್ಲೇ ಉಳಿದಿದ್ದರು. ಪ್ರೆಸ್ಸಿನವರು ನಕ್ಕು, "ತಂಗಿ, ಬರೇ ಪತ್ರ ತಂದೀಯಲ್ಲ, ಬೀಗರನ್ನೂ ಕರಕೊಂಡ ಬಾ" ಎಂದರು. ಅಂದಿನಿಂದ ಬೀಗರನ್ನು ಬಿಟ್ಟು ನಾನು ಬಸ್ ಹತ್ತಿದವಳಲ್ಲ.

ಹೀಗಿರುವಾಗ ದೇವರ ಹಿಪ್ಪರಗಿಯ ದಾರಿಯಲ್ಲಿರುವ ಒಂದು ಊರಿನ ಶಾಲೆಯವರು ಸ್ಮರಣ ಸಂಚಿಕೆ ಮಾಡಿಸಲು ಬಂದರು. ಶಾಲೆ ಸುವರ್ಣ ಮಹೋತ್ಸವಕ್ಕೆ ಬಂದಿತ್ತು. ಕಮಿಟಿಯಿಂದ ಮೂವರು ಬಂದಿದ್ದರು. ದೊಡ್ಡ ಮೀಸೆಯ ಅಧ್ಯಕ್ಷರು; ಅವರ ಜೊತೆಗೇ ಆ ಶಾಲೆಯಲ್ಲಿ ಕಲಿತ, ಯಾವುದಕ್ಕೂ ಬಾಯಿಗೆ ಟವೆಲ್ ಒತ್ತಿ ನಗುವ ಕಾರ್ಯದರ್ಶಿ; ಅವರಿಬ್ಬರಿಗೂ ಅಕ್ಷರ ಕಲಿಸಿದ ನಿವೃತ್ತ ಮಾಸ್ತರರು.

ಅವರು ಹೋದ ಮೇಲೆ ನಾನು ಮಾಲಕರನ್ನು ಕೇಳಿಯೇಬಿಟ್ಟೆ. "ಇದನ್ನ ಪೂರಾ ನಾನ ಮಾಡ್ತೇನ್ರಿ. ಕಡೀ ಪುಟದಾಗ ಪುಟವಿನ್ಯಾಸ ಅಂತ ನನ್ನ ಹೆಸರ ಹಾಕ್ರಿ. ಮುಂದ ಬಿ.ಎ. ಅಂತ ಇರಲಿ."

"ಅಂಗಡಿ ಹೆಸರ ಇರ್ತದಲ್ಲ" ಎಂದರು ಮಾಲಕರು. "ಪೇಂಟರ್ ಬೋರ್ಡಿನ ಮೂಲ್ಯಾಗ ತನ್ನ ಹೆಸರ ಬರಕೋತಾನ ಖರೆ. ಬ್ರಷ್ ತೊಳದವ್ರ ಹೆಸರ ಬರೀತಾನೇನು?"

"ಈಗ ಬ್ರಷ್ ನನ್ನ ಕೈಯಾಗ ಐತ್ರಿ."

ಮಾಲಕರು ಬಣ್ಣ ಹತ್ತಿದ ಉಗುರು ಕೆರೆದುಕೊಂಡರು. "ಆತು. ಆದ್ರ ಒಂದ ಮಾತು. ಕಮಿಟಿಯವರ ಬಾಯಾಗಿಂದ ಒಂದ ಬೈಗುಳ ಬಿತ್ತಂದ್ರೂ ಹೆಸರಿಲ್ಲ, ಬಿ.ಎ.ನೂ ಇಲ್ಲ."

ನನಗೆ ಅಷ್ಟೇ ಸಾಕಾಗಿತ್ತು. ಹೆಸರು ಎಲ್ಲರಿಗೂ ತಂದೆ ತಾಯಿ ಇಡುತ್ತಾರೆ. ಆ ಎರಡು ಅಕ್ಷರ ಮಾತ್ರ ನಾನು ಲಾಟೀನಿನ ಬೆಳಕಿನಲ್ಲಿ, ಬಸ್ಸಿನ ಪಾಸಿನಲ್ಲಿ, ಗೆಳತಿಯರ ಪುಸ್ತಕದಲ್ಲಿ ಗಳಿಸಿದ್ದು. ಅವು ಅಚ್ಚಿನಲ್ಲಿ ಕಾಣಬೇಕೆಂದು ನನಗೆ ಹಟ.

ಸಂಚಿಕೆಯಲ್ಲಿ ಮುಖ್ಯ ಭಾಗ "ಅಂದಿನ ವಿದ್ಯಾರ್ಥಿಗಳು". ಮನೆ ಮನೆಯಿಂದ ತಂದ ಶಾಲೆಯ ಹಳೆಯ ಗುಂಪು ಫೋಟೋಗಳಿಂದ ಒಬ್ಬೊಬ್ಬರ ಮುಖ ಬೇರೆ ಮಾಡಿ ಹಾಕಬೇಕು, ಕೆಳಗೆ ಹೆಸರು, ಹೆಸರಿನ ಕೆಳಗೆ ಈಗ ಏನಾಗಿದ್ದಾರೆ ಎಂಬ ಒಂದು ಸಾಲು. ಕೊನೆಯಲ್ಲಿ ಗುರುಗಳ ಫೋಟೋ. ತೊಂದರೆ ಏನೆಂದರೆ ಆ ಫೋಟೋಗಳಲ್ಲಿ ಎಲ್ಲ ಹುಡುಗರಿಗೂ ಬೋಳು ತಲೆ, ಬಿಳಿ ಟೋಪಿ, ಫೋಟೋಗ್ರಾಫರನನ್ನು ಕಂಡು ಹೆದರಿದ ಅದೇ ಎರಡು ಕಣ್ಣು. ಇನ್ನೂ ದೊಡ್ಡ ತೊಂದರೆ ಎಂದರೆ ಆ ಊರಲ್ಲಿ ಮನೆಗೊಬ್ಬರಿಗೆ ಊರ ದೇವರ ಹೆಸರು. ತಂದೆಯದೂ ಹೆಚ್ಚಾಗಿ ಅದೇ.

ಮಾಸ್ತರರು ನನ್ನ ಪಕ್ಕ ಕೂತು, ಕನ್ನಡಕ ಏರಿಸಿ, ಬೆರಳಿಟ್ಟು ಗುರುತು ಹಿಡಿದು ಹೇಳಿದರು. ನಾನು ಸ್ಕ್ಯಾನ್ ಮಾಡುತ್ತ ಹೋದೆ.

"ಇವರ ಹೆಸರೇನ್ರಿ ಸರ?"

"ಇವಾ? ಕಡಬು. ಚಡ್ಡಿ ಕಿಸೇದಾಗ ಕಡಬ ಇಟಗೊಂಡ ಸಾಲಿಗಿ ಬರ್ತಿದ್ದ." ಹಿಂದೆ ಕೂತಿದ್ದ ಕಾರ್ಯದರ್ಶಿಯವರು ಟವೆಲ್ ಬಾಯಿಗೆ ಒತ್ತಿಕೊಂಡರು. ಕಡಬು ಅವರೇ.

"ಖರೇ ಹೆಸರ ಹೇಳ್ರಿ."

"ಖರೇ ಹೆಸರ ಎಲ್ಲಾರದೂ ಒಂದ ಐತಿ ತಂಗಿ. ಅದನ್ನ ಬರಕೊಂಡ ಏನ ಮಾಡ್ತಿ? ಕಡಬು ಅಂತ ಬರಕೊ, ಊರಾಗ ದನಾನೂ ಮನಿ ತೋರಸ್ತಾವ."

ಮಾತು ಸರಿಯಾಗಿತ್ತು. ಒಂದೇ ಹೆಸರಿನ ಏಳೆಂಟು ಫೈಲುಗಳನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಹಾಗಾಗಿ ಪ್ರತಿ ಫೋಟೋದ ಫೈಲಿಗೂ ಮಾಸ್ತರರು ಹೇಳಿದ ಚಾಷ್ಟಿಯ ಅಡ್ಡಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. ಕಿಟಕಿಯಿಂದ ಜಿಗಿದು ಓಡುತ್ತಿದ್ದವ ಕಿಟಕಿ. ಲೆಕ್ಕದಲ್ಲಿ ಸೊನ್ನೆಯ ಮೇಲೆ ಸೊನ್ನೆ ತಂದವ ತತ್ತಿ. ಆ ಕಾಲಕ್ಕೆ ಶಾಲೆಗೆ ಬರುತ್ತಿದ್ದ ಒಬ್ಬಳೇ ಹುಡುಗಿ, ಗಂಟೆ ಬಾರಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡದವಳು, ಗಂಟಿ. ಮುಂದೆ ಆಕೆ ದವಾಖಾನೆಯಲ್ಲಿ ಸೂಲಗಿತ್ತಿಯಾಗಿ ಹೆಸರು ಮಾಡಿದ್ದರು. ಆಮೇಲೆ ಒಂದು ಸಣ್ಣ ಮುಖದ ಮೇಲೆ ಮಾಸ್ತರರ ಬೆರಳು ನಿಂತಿತು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದರು.

"ಇವ ಬಳಪ. ಸಾಲ್ಯಾಗಿನ ಬಳಪ ಎಲ್ಲಾ ತಿಂದಾಂವ. ಹುಡುಗೋರು ಬರೀಲಿಕ್ಕೆ ಬಳಪ ಇಲ್ಲದ ಅಳತಿದ್ರು. ಈಗ ನಮ್ಮ ಅಧ್ಯಕ್ಷರ."

ಮಾಸ್ತರರು ನಶ್ಯ ತರಲು ಹೊರಗೆ ಹೋದಾಗ ಅವರದೇ ಫೋಟೋ ಸ್ಕ್ಯಾನರಿನ ಮೇಲಿತ್ತು. ಕಾರ್ಯದರ್ಶಿಯವರು ಕುರ್ಚಿ ಸರಿಸಿಕೊಂಡು ಬಂದು ಪಿಸುಗುಟ್ಟಿದರು. "ಇವರದು ಗೊರಕಿ ಅಂತ ಬರಕೊ. ಮಗ್ಗಿ ಹೇಳಾಕ ಹಚ್ಚಿ ಮಲಗಿ ಬಿಡ್ತಿದ್ರು." ನಾನು ಗೊರಕಿ ಎಂದೇ ಬರೆದೆ. ಇವೆಲ್ಲ ಕಂಪ್ಯೂಟರಿನ ಒಳಗಿನ ಹೆಸರುಗಳು, ಹೊರಗೆ ಬರುವಂಥವಲ್ಲ. ಫೋಟೋಗಳನ್ನು ಆವತ್ತೇ ಅವರವರ ಮನೆಗೆ ಹಿಂದಿರುಗಿಸಲು ಕಾರ್ಯದರ್ಶಿಯವರು ಒಯ್ದರು.

ಮುಖದ ಕೆಳಗಿನ ಬರಹಕ್ಕೆ ನಾನು ಪುಸ್ತಕದಲ್ಲಿ ಓದಿದ ಜಾಣ ಉಪಾಯ ಹೂಡಿದೆ. ಪ್ರತಿ ಮುಖದ ಕೆಳಗೆ ಎರಡು ಸಾಲು ಹಿಡಿಯುವ ಒಂದು ಚೌಕ. ಎಲ್ಲ ಚೌಕಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿದೆ. ಹೆಸರುಗಳನ್ನೆಲ್ಲ ಒಂದೇ ಕಡೆ ಟೈಪು ಮಾಡಿ ಮೊದಲ ಚೌಕಕ್ಕೆ ಬಿಟ್ಟರೆ ಮುಗಿಯಿತು. ಕಾಲುವೆಯ ನೀರು ಮಡಿಯಿಂದ ಮಡಿಗೆ ಹರಿದಂತೆ ಅಕ್ಷರ ತಾನೇ ಹರಿದು ಕೊನೆಯ ಚೌಕದವರೆಗೂ ತುಂಬುತ್ತದೆ. ಮಾಲಕರು ಎರಡು ದಿನ ಕೂರುವ ಕೆಲಸ ಒಂದು ಚಹಾದ ಹೊತ್ತಿನಲ್ಲಿ ಆಗಿತ್ತು. ಅವರು ನೋಡಿ, "ಇದರಾಗ ಏನೋ ಮೋಸ ಐತಿ" ಎಂದರು.

ಮೋಸ ಕಂಪ್ಯೂಟರಿನಲ್ಲಿ ಇರಲಿಲ್ಲ, ಊರಿನ ಪದ್ಧತಿಯಲ್ಲಿತ್ತು. ನಮ್ಮ ಕಡೆ ಮನುಷ್ಯನ ಹೆಸರು ಅಚ್ಚಿಗೆ ಹೋಗುತ್ತದೆಂದರೆ ಬರೀ ಹೆಸರು ಹೋಗುವಂತಿಲ್ಲ. ಬಾಲ ಬೇಕು. ತಿದ್ದಿ ಕೊಡಲೆಂದು ಪ್ರೂಫ್ ಊರಿಗೆ ಹೋಯಿತು. ಅಧ್ಯಕ್ಷರು ತಮ್ಮ ಹೆಸರಿನ ಕೆಳಗೆ "ಪ್ರಗತಿಪರ ರೈತರು" ಎಂದಿದ್ದನ್ನು ನೋಡಿ, "ಕೊಡುಗೈ ದಾನಿಗಳು, ಸಮಾಜ ಚಿಂತಕರು" ಎಂದು ಇನ್ನೊಂದು ಸಾಲು ಸೇರಿಸಿದರು. ಅದನ್ನು ಕಂಡು ಪಕ್ಕದ ಓಣಿಯವರು "ಮಾಜಿ ಛೇರ್ಮನ್ನರು" ಎಂದು ಸೇರಿಸಿದರು. ಛೇರ್ಮನ್ನರ ತಮ್ಮ "ಮಾಜಿ ಛೇರ್ಮನ್ನರ ತಮ್ಮ" ಎಂದು ಸೇರಿಸಿದರು. ಗಿರಾಕಿ ಬರೆದದ್ದನ್ನು ಬರೆದ ಹಾಗೆ ಟೈಪು ಹೊಡೆಯಬೇಕು ಎಂಬುದು ಅಂಗಡಿಯ ನಿಯಮ. ನಾನು ಹೊಡೆದೆ.

ಎರಡು ಸಾಲಿನ ಚೌಕಕ್ಕೆ ಮೂರನೆಯ ಸಾಲು ಬಂದರೆ ಅದು ಎಲ್ಲಿಗೆ ಹೋಗಬೇಕು? ಮುಂದಿನವರ ಚೌಕಕ್ಕೆ ಹೋಯಿತು. ಮುಂದಿನವರದು ಅವರ ಮುಂದಿನವರಿಗೆ. ಎರಡನೇ ಪ್ರೂಫ್ ಊರಿಗೆ ಹೋದಾಗ ತಪ್ಪು ಕಂಡವರು ತಮ್ಮ ತಮ್ಮ ಚೌಕವನ್ನಷ್ಟೇ ಪೆನ್ನಿನಲ್ಲಿ ತಿದ್ದಿ ಕೊಟ್ಟರು. ನಾನು ತಿದ್ದಿದಷ್ಟೂ ಅಕ್ಷರಗಳು ಮುಂದೆ ಸರಿದವು. ಮೂರನೇ ಪ್ರೂಫಿನ ಹೊತ್ತಿಗೆ ಯಾರ ಮುಖಕ್ಕೆ ಯಾರ ಬಾಲ ಎಂಬುದು ದೇವರಿಗೂ ತಿಳಿಯುವಂತಿರಲಿಲ್ಲ. ಆ ದೇವರ ಹೆಸರೇ ಅಲ್ಲವೇ ಎಲ್ಲರಿಗೂ ಇದ್ದದ್ದು.

ಅದು ಊರು ಮುಟ್ಟಿದ ಮರುದಿನ ಮಧ್ಯಾಹ್ನ ಕಮಿಟಿಯ ಮೂವರೂ ಅಂಗಡಿಗೆ ನುಗ್ಗಿದರು. ಅಧ್ಯಕ್ಷರು ಪ್ರೂಫನ್ನು ನನ್ನ ಮೇಜಿನ ಮೇಲೆ ಬಡಿದರು.

"ಏನ ತಂಗಿ ಇದು? ನನ್ನ ಹೆಸರಿನ ಕೆಳಗ ಏನೈತಿ ಓದು!"

ನಾನು ಓದಿದೆ. "ಊರಿನ ಅರ್ಧ ಮಕ್ಕಳ ಜನನಕ್ಕೆ ಇವರೇ ಕಾರಣರು."

ಕಾರ್ಯದರ್ಶಿಯವರು ಟವೆಲ್ ಪೂರ್ತಿ ಬಾಯಿಗೆ ತುರುಕಿಕೊಂಡರು. ಅದು ಸೂಲಗಿತ್ತಿಯವರ ಸಾಲು.

"ಮನ್ಯಾಗ ನಮ್ಮಾಕಿ ಮುಂಜಾನಿಂದ ಮಾತಾಡವಲ್ಲಳು!" ಎಂದರು ಅಧ್ಯಕ್ಷರು. "ಮಾತಾಡವಲ್ಲಳು ಅಂದ್ರ ಏನಂತ ತಿಳದಿ? ರೊಟ್ಟೀನೂ ಬಡೀವಲ್ಲಳು!"

ಮಾಲಕರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ನನ್ನ ಹೆಸರು ಅಳಿಸಿಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಆದರೂ ಅಧ್ಯಕ್ಷರು ಇನ್ನೂ ನನ್ನನ್ನು ಬೈದಿರಲಿಲ್ಲ, ಬರೀ ತಮ್ಮ ಸಂಕಟ ಹೇಳಿಕೊಂಡಿದ್ದರು. ದಾರಿ ಇನ್ನೂ ಇತ್ತು.

"ಕುಂದರ್ರಿ. ಈಗ ಹೊಂದಸ್ತೇನಿ" ಎಂದೆ. ಚೌಕಗಳ ನಡುವಿನ ಕೊಂಡಿಗಳನ್ನೆಲ್ಲ ಕಡಿದುಹಾಕಿದೆ. ಇನ್ನು ಪ್ರತಿ ಮುಖ ಯಾರದೆಂದು ಹೇಳಿದರೆ ಅವರ ಸಾಲುಗಳನ್ನು ಅವರ ಚೌಕಕ್ಕೆ ಹಾಕಬಹುದು. ಆದರೆ ಹೇಳುವವರು ಯಾರು? ಪ್ರೂಫಿನಲ್ಲಿ ಮುಖಗಳೆಲ್ಲ ಮಸಿಯ ಉಂಡೆಯಾಗಿದ್ದವು. ಕಂಪ್ಯೂಟರ್ ಬೇಗ ಓಡಲೆಂದು ಪರದೆಯ ಮೇಲೂ ಫೋಟೋಗಳನ್ನು ಮಸುಕು ಮಾಡಿಟ್ಟಿದ್ದೆ. ಅವನ್ನು ಸ್ಪಷ್ಟ ಮಾಡಿದರೂ ಟೋಪಿ ಮತ್ತು ಕಣ್ಣು, ಮತ್ತೆ ಟೋಪಿ ಮತ್ತು ಕಣ್ಣು. ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿ, "ಕಾಗದದ ಮ್ಯಾಲ ಗುರ್ತ ಸಿಗತಿತ್ತು. ಈ ಟೀವ್ಯಾಗ ಸಿಗವಲ್ದು" ಎಂದುಬಿಟ್ಟರು.

"ಮೊದಲ ಯಾರ ಯಾರು ಅಂತ ಬರದಿಟ್ಟಿಲ್ಲೇನು?" ಎಂದರು ಅಧ್ಯಕ್ಷರು.

ಬರೆದಿಟ್ಟಿದ್ದೆ. ಫೋಟೋ ಫೈಲುಗಳ ಹೆಸರಿನಲ್ಲಿ. ಯಾವ ಮುಖದ ಮೇಲೆ ಒತ್ತಿದರೂ ಅದರ ಹೆಸರು ತೆರೆದು ಬರುತ್ತಿತ್ತು. ಮಾಸ್ತರರು ತಟ್ಟನೆ ಎದ್ದು ಬಾಗಿಲಿಗೆ ಹೋಗಿ, ಹೊರಗೆ ನಿಂತಿದ್ದ ಮುದ್ದೇಬಿಹಾಳದ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೊದಲನೆಯದು ಕಡಬು. ಓದಿದೆ. ಅಧ್ಯಕ್ಷರ ಮೀಸೆ ಅಲುಗಿತು. "ಕಡಬು! ಹೌದಲೇ, ಇವಗ ಕಡಬು ಅಂತಿದ್ದಿವಿ!" ಎಂದು ಕಾರ್ಯದರ್ಶಿಯವರ ಬೆನ್ನಿಗೆ ಗುದ್ದಿದರು. ಎರಡನೆಯದು ಕಿಟಕಿ. ಅಧ್ಯಕ್ಷರು ತೊಡೆ ತಟ್ಟಿದರು. ಮೂರನೆಯದು ತತ್ತಿ. ಮಾಜಿ ಛೇರ್ಮನ್ನರೇ ತತ್ತಿ ಎಂದು ನೆನಪಾದಾಗ ಅಧ್ಯಕ್ಷರಿಗೆ ಕಣ್ಣಲ್ಲಿ ನೀರು ಬಂತು. "ಮುಂದ ಓದ ತಂಗಿ, ಮುಂದ ಓದ" ಎಂದು ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡರು. ಹೆಸರು ಬಂದಂತೆ ಅದು ಯಾರೆಂದು ಅವರಿಬ್ಬರೂ ಹೇಳುತ್ತಿದ್ದರು, ಸಾಲುಗಳು ಅವರವರ ಚೌಕ ಸೇರುತ್ತಿದ್ದವು. ಸೂಲಗಿತ್ತಿಯವರೂ ತಮ್ಮ ಅರ್ಧ ಊರನ್ನು ಮರಳಿ ಪಡೆದರು.

ಮುಂದಿನ ಮುಖದ ಮೇಲೆ ಒತ್ತಿದೆ. ಬಳಪ.

ನಾನು ಓದಲಿಲ್ಲ. ಮಾಲಕರು ಅಧ್ಯಕ್ಷರ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು.

"ಯಾಕ ನಿಂತಿ? ಇದು ಯಾರು?" ಎಂದರು ಅಧ್ಯಕ್ಷರು.

"ಇದು... ನೀವ ರೀ."

"ನಾನಂದ್ರ ಏನಂತ ಬರದೈತಿ?"

ಸುಳ್ಳು ಹೇಳಬಹುದಿತ್ತು. ಆದರೆ ಅಧ್ಯಕ್ಷರಿಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅವರು ಆಗಲೇ ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. "ಬ... ಳ..." ಅಲ್ಲಿಗೆ ನಿಂತರು. ಅಧ್ಯಕ್ಷರ ಎದುರು ಆ ಹೆಸರನ್ನು ಯಾರೂ ಎತ್ತದೆ ಎಷ್ಟು ಕಾಲವಾಗಿತ್ತೋ.

"ಇದನ್ನ ನಿನಗ ಯಾರ ಹೇಳ್ಯಾರ? ನಿಮ್ಮ ಅಂಗಡ್ಯಾಗ ಮಂದೀನ ಕರದು ಮಾನ ಕಳೀತೀರೇನು? ಮೈಮ್ಯಾಲ ಖಬರ ಐತಿಲ್ಲೋ ನಿಮಗ?"

ಅದು ಬೈಗುಳವೇ. ಮಾಲಕರು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಪುಟ ತೆರೆದು, ನನ್ನ ಹೆಸರಿದ್ದ ಸಾಲನ್ನು ಅಳಿಸಿಬಿಟ್ಟರು. ಕಂಪ್ಯೂಟರಿನಲ್ಲಿ ಅಷ್ಟು ಚುರುಕಾಗಿ ಅವರು ಮಾಡಿದ ಕೆಲಸ ಅದೊಂದೇ.

ನನ್ನ ಕಣ್ಣು ತುಂಬಿ ಬಂತು. ಆದರೆ ಬಾಯಿ ನಿಲ್ಲಲಿಲ್ಲ. "ನಾ ಹುಟ್ಟೂಕಿಂತ ಮೊದಲಿನ ಹೆಸರ್ರಿ ಅದು. ನಾ ಎಲ್ಲಿಂದ ತರ್ಲಿ? ಇಟ್ಟವ್ರು ಬಾಗಲದಾಗ ನಿಂತಾರ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಸ್ಸು ಹೋಗಿಬಿಟ್ಟಿತ್ತು. ಮಾಸ್ತರರಿಗೆ ನೋಡಲು ಬೇರೆ ಏನೂ ಉಳಿದಿರಲಿಲ್ಲ.

"ಮಾಸ್ತರ" ಎಂದರು ಅಧ್ಯಕ್ಷರು.

"ತಿಂದಿದ್ದಿಲ್ಲೇನು?" ಎಂದರು ಮಾಸ್ತರರು, ಶಾಲೆಯ ದನಿಯಲ್ಲಿ. "ನಾ ಏನ ಸುಳ್ಳ ಹೇಳೇನಿ? ಒಂದ ಡಬ್ಬಿ ಬಳಪ ತಿಂದಿ. ಹೊಟ್ಟಿ ಕಟ್ಟಿ ನಿಮ್ಮಪ್ಪ ನಿನ್ನ ಹೆಗಲ ಮ್ಯಾಲ ಹೊತಗೊಂಡ ಹೋಗಿದ್ದ."

ಅಧ್ಯಕ್ಷರು ಶಾಲೆಯ ಹುಡುಗನಂತೆ ಕೈ ಕಟ್ಟಿಕೊಂಡರು. ಆ ದನಿಗೆ ಎದುರುತ್ತರ ಕೊಡುವುದು ಅವರಿಗೆ ಇನ್ನೂ ಬಂದಿರಲಿಲ್ಲ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ತಂಗಿ, ಎಲ್ಲಾರದೂ ಓದಿದಿ. ಮಾಸ್ತರರದು ಏನಂತ ಐತಿ?"

ಕಾರ್ಯದರ್ಶಿಯವರ ಟವೆಲ್ ಬಾಯಿಂದ ಬಿದ್ದುಹೋಯಿತು. ಈಗ ಬಸ್ಸು ಹುಡುಕುವ ಸರದಿ ಅವರದು. ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಮಾಸ್ತರರ ಮುಖದ ಮೇಲೆ ಒತ್ತಿ, ದೊಡ್ಡ ದನಿಯಲ್ಲಿ ಓದಿದೆ.

"ಗೊರಕಿ."

ಮಾಸ್ತರರು ಕನ್ನಡಕ ತೆಗೆದರು. "ನಾನಾ? ನಾ ಯಾವಾಗ ಗೊರಕಿ ಹೊಡದೆ?"

"ಹನ್ನೊಂದರ ಮಗ್ಗಿಗೆ ಸುರು ಆಗತಿತ್ತರಿ. ನಮಗ ಯಾರಿಗೂ ಅದರ ಮುಂದಿನ ಮಗ್ಗಿ ಬರಂಗಿಲ್ಲ, ಯಾಕ ಅಂತ ತಿಳದೀರಿ?" ಎಂದರು ಅಧ್ಯಕ್ಷರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಮೀಸೆ, ಆಮೇಲೆ ಕುರ್ಚಿ. ಕಾರ್ಯದರ್ಶಿಯವರು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಮಾಸ್ತರರು ಕನ್ನಡಕ ಮತ್ತೆ ಏರಿಸಿ, "ಆಗ ಪಗಾರ ಕಡಿಮಿ ಇತ್ತು, ನಿದ್ದಿ ಜಾಸ್ತಿ ಇತ್ತು" ಎಂದು ತಾವೂ ನಕ್ಕರು.

ಉಳಿದ ಚೌಕಗಳು ಚಹಾ ಕುಡಿಯುತ್ತ ತುಂಬಿದವು. ಎರಡೇ ಸಾಲು, ಮೂರನೆಯದಕ್ಕೆ ಜಾಗವಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ. ಅಧ್ಯಕ್ಷರು ತಮ್ಮ ದಾನವನ್ನು ಇಟ್ಟುಕೊಂಡು ಚಿಂತನೆಯನ್ನು ಬಿಟ್ಟುಕೊಟ್ಟರು. ಎಲ್ಲ ಮುಗಿದು ಕೊನೆಯ ಪುಟ ತೋರಿಸಿದಾಗ ಅಂಗಡಿಯ ಹೆಸರಿನ ಕೆಳಗೆ ಖಾಲಿ ಜಾಗವಿತ್ತು.

"ಇಲ್ಲೇನಿತ್ತು?" ಎಂದರು ಅಧ್ಯಕ್ಷರು.

ಮಾಲಕರು ಕೆಮ್ಮಿದರು. "ಈಕಿ ಹೆಸರಿತ್ರಿ. ಮುಂದ ಬಿ.ಎ. ಅಂತ ಬೇಕಂತ ಈಕಿಗಿ. ನೀವು ಬೈದ್ರಿ, ತಗದೆ."

"ನಾ ಬೈದದ್ದು ಮಾಸ್ತರರಿಗೆ. ಈಕಿಗಿ ಯಾವಾಗ ಬೈದೆ?" ಎಂದರು ಅಧ್ಯಕ್ಷರು, ಸ್ವಲ್ಪವೂ ನಾಚದೆ. ಪ್ರೂಫಿನ ಪುಟಗಳನ್ನು ಬೆರಳಿನಿಂದ ಹಿಂದೆ ತಿರುವಿದರು. "ಇದರಾಗ ಪ್ರಗತಿಪರ ಅದಾರ, ದಾನಿ ಅದಾರ, ಛೇರ್ಮನ್ನರ ತಮ್ಮ ಅದಾನ. ಎಲ್ಲಾ ನಾವ ಕುಂತು ಬರಕೊಂಡದ್ದು. ಸೂಲಗಿತ್ತಿ ಅಕ್ಕನದೂ ಈಕಿದೂ ಬಿಟ್ರ ದುಡದು ಗಳಿಸಿದ್ದು ಯಾರದು? ಹಾಕ್ರಿ ಅದನ್ನ."

ಮಾಲಕರು ಮೌಸನ್ನು ನನ್ನ ಕಡೆ ಸರಿಸಿದರು. ನನ್ನ ಹೆಸರನ್ನು ನಾನೇ ಹೊಡೆದೆ. ಬಿ, ಚುಕ್ಕಿ, ಎ, ಚುಕ್ಕಿ. ಅಕ್ಷರ ದಪ್ಪ ಮಾಡಿದೆ. ಮಾಲಕರು ಕಂಪ್ಯೂಟರಿಗೆ ಒಂದು ಊದಿನಕಡ್ಡಿ ಹಚ್ಚಿದರು.

ಸಂಚಿಕೆ ಅಚ್ಚಾಗಿ ಬಂದ ದಿನ ಒಂದು ಪ್ರತಿಯನ್ನು ಯಾರ್ಡಿಗೇ ಒಯ್ದೆ. ಅಪ್ಪ ಲಾರಿಗೆ ತೊಗರಿ ಚೀಲ ಏರಿಸುತ್ತಿದ್ದ. ಕೈ ಒರೆಸಿಕೊಂಡು ಬಂದ. ಕೊನೆಯ ಪುಟ ತೆರೆದು, ಅವನ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ.

"ಇದು ನನ್ನ ಹೆಸರು. ಇದು ಬಿ.ಎ."

ಅಪ್ಪ ಬಹಳ ಹೊತ್ತು ನೋಡಿದ. ಬೆರಳನ್ನು ಎತ್ತಿ ನೋಡಿದ, ಮತ್ತೆ ಇಟ್ಟ.

"ಇಷ್ಟನ?"

"ಅಷ್ಟ."

"ಅಷ್ಟ ವರ್ಷ ಕಲತಿ, ಎರಡ ಅಕ್ಷರ?"

"ಹೂಂ."

"ಮತ್ತ ಅದರ ಮುಂದಿಂದು, ಏನದು, ಎಮ್ಮೆ. ಅದು ಕಲತ್ರ?"

"ಎಂ.ಎ. ಅದೂ ಎರಡ ಅಕ್ಷರ ಅಪ್ಪ."

ಅಪ್ಪ ಲಾರಿಯ ಮೇಲಿದ್ದವರನ್ನು ಕೆಳಗೆ ಬರಲು ಕೂಗಿದ. ಪುಸ್ತಕ ಅವರ ಕಡೆ ಹಿಡಿಯುವ ಮೊದಲು ನನ್ನ ಕಡೆ ಬಾಗಿ, ಮಾಲು ತೂಗಿ ನೋಡಿದವನ ಹಾಗೆ ಹೇಳಿದ. "ಹಂಗಾದ್ರ ಅದ ಬ್ಯಾಡ ಬಿಡು. ಇದ ಛಲೋ ಐತಿ."